ಹಾಸಿಗೆಯಲ್ಲಿ ಕೊಡೆ ಹಿಡಿದ ಬಾಡಿಗೆದಾರ

ಪ್ಯಾರಿಸ್‌ನಲ್ಲಿ ನಮ್ಮದು ಆರನೇ ಮಹಡಿ, ತಲೆ ಮೇಲೆ ತಗಡಿನ ಸೂರು. ಮಳೆ ಬಂತು ಅಂದರೆ ಅಡುಗೆಮನೆ ಮೂಲೆಯಲ್ಲಿ ತೊಟಕ್ ತೊಟಕ್. ಕೆಳಗೆ ಇಡ್ಲಿ ಪಾತ್ರೆ ಇಟ್ಟಿದ್ದೇನೆ, ಊರಿಂದ ಹೊತ್ತು ತಂದದ್ದಕ್ಕೆ ಹೀಗೂ ಉಪಯೋಗವಾಯಿತು. ಓನರ್‌ಗೆ ಫೋನ್ ಮಾಡಿದರೆ "ಮಳೆಯಲ್ಲಿ ಹೇಗೆ ರಿಪೇರಿ ಮಾಡಿಸೋದು?" ಅಂತಾರೆ. ಬಿಸಿಲಲ್ಲಿ ಕೇಳಿದರೆ "ಈಗ ಸೋರ್ತಾ ಇಲ್ಲವಲ್ಲ!"

ಹೀಗಿರುವಾಗ ಒಂದು ಭಾನುವಾರ ಸೇನ್ ನದಿ ದಂಡೆಯ ಹಸಿರು ಪೆಟ್ಟಿಗೆಯ ಹಳೇ ಪುಸ್ತಕದಂಗಡಿಯಲ್ಲಿ ಒಂದು ಕಂದು ಹಾಳೆ ಸಿಕ್ಕಿತು. ಸೋರುವ ಕೋಣೆ, ಹಾಸಿಗೆಯಲ್ಲೇ ಕೊಡೆ ಹಿಡಿದ ಬಾಡಿಗೆದಾರ. ಕೆಳಗಿನ ಸಾಲು ಹೆಚ್ಚುಕಡಿಮೆ ಹೀಗೆ: ದರೋಡೆಕೋರ ಓನರ್, ಹವಾ ಚೆನ್ನಾಗಿದ್ದಾಗ ಮಾತ್ರ ರಿಪೇರಿ ಮಾಡಿಸ್ತಾನಂತೆ! 1847ರದ್ದು. ಅಲ್ಲೇ ನಿಂತು ನಕ್ಕುಬಿಟ್ಟೆ.

ಈ ವ್ಯಂಗ್ಯಚಿತ್ರ ಬರೆದವನು ಫ್ರೆಂಚ್ ಚಿತ್ರಕಾರ ಒನೊರೆ ದೊಮಿಯೆ. ರಾಜ ಲೂಯಿ ಫಿಲಿಪ್‌ನನ್ನು ಜನರ ದುಡ್ಡು ನುಂಗುವ ದೈತ್ಯನ ಹಾಗೆ ಬರೆದು 1832ರಲ್ಲಿ ಜೈಲಿಗೆ ಹೋದವನು. 1835ರಲ್ಲಿ ಪತ್ರಿಕೆಗಳ ಮೇಲೆ ಕಟ್ಟುನಿಟ್ಟಿನ ಕಾನೂನು ಬಂತು, ರಾಜಕೀಯ ವ್ಯಂಗ್ಯಚಿತ್ರದ ಬಾಯಿ ಮುಚ್ಚಿತು. ಸರಿ, ರಾಜ ಬೇಡ ಅಂದರೆ ಓನರ್ ಇದ್ದಾನಲ್ಲ! ವಕೀಲರು, ಗಂಡ ಹೆಂಡಿರ ಜಗಳ, ರೈಲಿನ ನೂಕುನುಗ್ಗಲು, ಎಲ್ಲವನ್ನೂ 'ಶಾರಿವಾರಿ' ದಿನಪತ್ರಿಕೆಗೆ ಬರೆದ. ಒಟ್ಟು ಸುಮಾರು 4,000 ಚಿತ್ರ.

ಎಲ್ಲಾ ಕಲ್ಲಚ್ಚು. ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು ಕಲ್ಲು ಒದ್ದೆ ಮಾಡಿದರೆ ಶಾಯಿ ಜಿಡ್ಡಿಗೆ ಮಾತ್ರ ಅಂಟುತ್ತದೆ, ಆಮೇಲೆ ಕಲ್ಲನ್ನು ಉಜ್ಜಿದರೆ ಇನ್ನೊಂದು ಚಿತ್ರಕ್ಕೆ ಅದೇ ಕಲ್ಲು. ನಮ್ಮ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಅಚ್ಚಾದದ್ದೂ ಕಲ್ಲಿನ ಮೇಲೇ ಅಲ್ವಾ! ನನ್ನ ಹಾಳೆಯನ್ನು ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಅಕ್ಷರಗಳು ಓನರ್‌ಗೆ ಬೈಯುವವನ ದಿಂಬಿನ ಮೇಲೆ ಇರುವೆ ಸಾಲಿನ ಹಾಗೆ ಕಾಣುತ್ತವೆ.

ಎಲ್ಲವೂ ಇಷ್ಟವಾಗಲಿಲ್ಲ ಅನ್ನಿ. ಬರೆಯುವ ಹೆಂಗಸರ ಮೇಲೆ 1844ರಲ್ಲಿ ಒಂದು ಸರಣಿಯನ್ನೇ ಮಾಡಿದ್ದಾನೆ. ಒಂದರಲ್ಲಿ ತಾಯಿ ಬರವಣಿಗೆಯಲ್ಲಿ ಮುಳುಗಿದ್ದಾಳೆ, ಮಗು ಸ್ನಾನದ ತೊಟ್ಟಿಯಲ್ಲಿ ತಲೆಕೆಳಗಾಗಿದೆ. ರಾಜನಿಗೆ ಹೆದರದವನು ಪೆನ್ನು ಹಿಡಿದ ಹೆಂಗಸಿಗೆ ಯಾಕೆ ಇಷ್ಟು ಹೆದರಿದನೋ. (ನಾನು ಇದನ್ನು ಬರೆಯುತ್ತಿರುವಾಗ ನಮ್ಮ ಮಗು ಅದರಪ್ಪನ ಹೆಗಲ ಮೇಲೆ ಕ್ಷೇಮವಾಗಿದೆ.)

ಕೊಡೆಯವನಿಗೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದೆ. ಹೋದ ವಾರ ಓನರ್ ಬಂದರು. ಕನ್ನಡಕ ಏರಿಸಿ ಓದಿದರು, ಹೊಟ್ಟೆ ಹಿಡಿದು ನಕ್ಕರು. ಆಮೇಲೆ, ಗೋಡೆಗೆ ಮೊಳೆ ಹೊಡೆಯಲು ಯಾರನ್ನು ಕೇಳಿದಿರಿ ಅಂದರು.