ಅಡಿಕೆ ಸಿಪ್ಪೆಯೊಳಗಿನ ಬಿಳಿ ಎಳೆಗಳು

ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಅಂಚಿನಲ್ಲಿ ಎರಡು ವರ್ಷದ ಹಿಂದೆ ಸುರಿದಿದ್ದ ಅಡಿಕೆ ಸಿಪ್ಪೆಯ ರಾಶಿಯನ್ನು ಇಂದು ಬೆಳಿಗ್ಗೆ ಗುದ್ದಲಿಯಿಂದ ಕೆದಕಿದೆ. ಮೇಲಿನ ಪದರ ಇನ್ನೂ ನಾರುನಾರಾಗಿಯೇ ಇದ್ದರೂ, ಸಗಣಿ ಬಗ್ಗಡ ಹೊಯ್ದಿದ್ದ ಮೂಲೆಯಲ್ಲಿ ಗೇಣುದ್ದ ಕೆಳಗೆ ಶಿಲೀಂಧ್ರದ ಬಿಳಿ ಎಳೆಗಳು ಜೇಡರ ಬಲೆಯಂತೆ ಹಬ್ಬಿ, ಸಿಪ್ಪೆ ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಮೆತ್ತಗಾಗಿತ್ತು. "ಮಣ್ಣಿನ ವಾಸನೆ ಬಂತು ಅಂದ್ರೆ ಗೊಬ್ಬರ ಆಯ್ತು ಅಂತ ಲೆಕ್ಕ" ಎಂದು ಅಪ್ಪಯ್ಯ ಹೇಳುತ್ತಿದ್ದರು; ಆ ವಾಸನೆ ಸ್ಟ್ರೆಪ್ಟೊಮೈಸಿಸ್‌ನಂಥ ಬ್ಯಾಕ್ಟೀರಿಯಾಗಳು ತಯಾರಿಸುವ ರಾಸಾಯನಿಕವಾದ ಜಿಯೋಸ್ಮಿನ್‌ನದು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಸಿಪ್ಪೆ ಬೇಗ ಕರಗದಿರುವುದಕ್ಕೆ ಅದರಲ್ಲಿರುವ ಲಿಗ್ನಿನ್, ಅಂದರೆ ಗಿಡಮರಗಳ ನಾರಿಗೆ ಗಟ್ಟಿತನ ಕೊಡುವ ವಸ್ತು, ಮುಖ್ಯ ಕಾರಣ. ಲಿಗ್ನಿನ್ ಒಡೆದು ಮರವನ್ನು ಬಿಳಿಚಿಸಿ ಕೊಳೆಸುವ ‘ಬಿಳಿಕೊಳೆ’ ಶಿಲೀಂಧ್ರಗಳಲ್ಲಿ ಒಂದಾದ ಫನೆರೋಕೀಟೆ ಕ್ರೈಸೋಸ್ಪೋರಿಯಂನ ಲಿಗ್ನಿನ್ ಪೆರಾಕ್ಸಿಡೇಸ್ ಕಿಣ್ವವನ್ನು 1983ರಲ್ಲಿ ಗುರುತಿಸಲಾಯಿತು. ಇಂಥ ಕಿಣ್ವಗಳು ಒಂದೇ ಬೀಗಕ್ಕೆ ಹೊಂದುವ ಕೀಲಿಯಂತಲ್ಲ; ಬೇರೆ ಬೇರೆ ವಸ್ತುಗಳ ಮೇಲೂ ಕೆಲಸ ಮಾಡುತ್ತವೆ. ಆದ್ದರಿಂದಲೇ ಈ ಶಿಲೀಂಧ್ರ ಬಟ್ಟೆ ಬಣ್ಣಗಳನ್ನೂ ಡಿಡಿಟಿ ಕೀಟನಾಶಕವನ್ನೂ ಒಡೆಯಬಲ್ಲದೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ಆದರೆ ಪ್ರಯೋಗಾಲಯದಲ್ಲಿ ನಮ್ಮ ಆಷಾಢದ ಮಳೆ ಸುರಿಯುವುದಿಲ್ಲ. ಈ ಶಿಲೀಂಧ್ರಗಳಿಗೆ ಗಾಳಿ ಬೇಕು. ನೀರು ಕುಡಿದು ಉಸಿರುಗಟ್ಟಿದ ರಾಶಿ ನಾರತೊಡಗಿ, ಅದರ ಕಪ್ಪು ನೀರು ಹಳ್ಳಕ್ಕಿಳಿಯುತ್ತದೆ. ಸಿಪ್ಪೆಯನ್ನು ರಸ್ತೆಬದಿಗೆ ಸುರಿದು ಬೆಂಕಿ ಹಚ್ಚುವುದಂತೂ ನನಗೆ ಒಪ್ಪಿಗೆಯಿಲ್ಲ. ಈ ಸಲ ಆ ಮೂಲೆಯ ಎರಡು ಬುಟ್ಟಿ ಗೊಬ್ಬರವನ್ನೇ ಹೆಪ್ಪಿನಂತೆ ಹೊಸ ರಾಶಿಗೆ ಬೆರೆಸಿ, ಮೇಲೆ ಟಾರ್ಪಾಲು ಕಟ್ಟಿದ್ದೇನೆ.