ಟೇಬಲ್ ವಿಯೆಟ್ನಾಂದು, ಸ್ಕ್ರೂ ಚೈನಾದು

ಹೋದ ಶನಿವಾರ ಮಗಳಿಗೆ ಓದೋಕೆ ಅಂತ ತರಿಸಿದ್ದ ಟೇಬಲ್ ಬಂತು, ಈ ಅಮೆರಿಕದಲ್ಲಿ ಟೇಬಲ್ ಅಂದ್ರೆ ಟೇಬಲ್ ಬರಲ್ಲ, ಹಲಗೆಗಳು ಬರ್ತವೆ, ಜೋಡಿಸೋ ಕರ್ಮ ನಮ್ದೇ. ಡಬ್ಬದ ಮೇಲೆ ದೊಡ್ಡದಾಗಿ ಮೇಡ್ ಇನ್ ವಿಯೆಟ್ನಾಂ ಅಂತಿತ್ತು. ಒಳಗಿದ್ದ ಸ್ಕ್ರೂ ಕವರ್ ಮೇಲೆ ಮಾತ್ರ ಪೂರ್ತಿ ಚೀನೀ ಅಕ್ಷರ. ಹನ್ನೆರಡು ಸ್ಕ್ರೂ ಇರ್ಬೇಕಿತ್ತು, ಹನ್ನೊಂದೇ ಇತ್ತು, ಅದು ಬೇರೆ ಕಥೆ.

ನಾವು ಇಲ್ಲಿಗೆ ಬಂದಿದ್ದು 2004ರಲ್ಲಿ, ಆಗ ತಗೊಂಡಿದ್ದ ಸೂಟ್‌ಕೇಸು, ಇಸ್ತ್ರಿಪೆಟ್ಟಿಗೆ, ಲ್ಯಾಂಪು, ಯಾವುದನ್ನ ತಿರುಗಿಸಿ ನೋಡಿದ್ರೂ ಚೈನಾ ಚೈನಾ ಚೈನಾ. ಈಗ ಮನೇಲಿ ಹೊಸದಾಗಿ ಬಂದಿರೋದೆಲ್ಲ ವಿಯೆಟ್ನಾಂ, ಮೆಕ್ಸಿಕೊ, ಬಾಂಗ್ಲಾದೇಶ, ಅಲ್ಲೊಂದು ಇಲ್ಲೊಂದು ಇಂಡಿಯಾ. ಅದಕ್ಕೆ ರಾತ್ರಿ ಕೂತು ಇಲ್ಲಿನ ಸರ್ಕಾರದ ಆಮದು ಲೆಕ್ಕ ತೆಗೆದು ನೋಡ್ದೆ, ನಮ್ಮ ಯಜಮಾನ್ರಿಗೆ ಇದೆಲ್ಲ ನಂಗೆ ಯಾಕೆ ಬೇಕು ಅಂತ ಆಶ್ಚರ್ಯ.

2000ದಲ್ಲಿ ಅಮೆರಿಕ ಹೊರಗಿಂದ ತರಿಸ್ಕೊಂಡ ಸಾಮಾನಲ್ಲಿ ಚೀನಾದ ಪಾಲು ಸುಮಾರು 8%. 2001ರ ಡಿಸೆಂಬರ್‌ನಲ್ಲಿ ಚೀನಾ ಡಬ್ಲ್ಯುಟಿಒ, ಅಂದ್ರೆ ವಿಶ್ವ ವ್ಯಾಪಾರ ಸಂಸ್ಥೆ, ಸೇರ್ತು, 2017ರ ಹೊತ್ತಿಗೆ ಪಾಲು 21%ಗಿಂತ ಮೇಲೆ ಹೋಯ್ತು. 2018ರಲ್ಲಿ ಚೀನಾ ಸಾಮಾನಿನ ಮೇಲೆ ಟ್ರಂಪ್ ಸುಂಕ ಶುರುವಾಯ್ತು, ಬೈಡನ್ ಬಂದ್ರೂ ಅದನ್ನ ತೆಗೀಲಿಲ್ಲ, 2024ಕ್ಕೆ ಪಾಲು 13%ರ ಆಸುಪಾಸಿಗೆ ಇಳಿದಿತ್ತು. 2023ರಲ್ಲಿ ಮೆಕ್ಸಿಕೊ ಚೀನಾನ ಹಿಂದಕ್ಕೆ ಹಾಕಿ ಮೊದಲನೇ ಸ್ಥಾನಕ್ಕೆ ಹೋಯ್ತು, 2017ರಲ್ಲಿ 2% ಇದ್ದ ವಿಯೆಟ್ನಾಂ 2024ಕ್ಕೆ 4% ದಾಟ್ತು. ನಮ್ ಇಂಡಿಯಾ? 2017ರಲ್ಲಿ 2%ಗಿಂತ ಚೂರು ಮೇಲಿದ್ದಿದ್ದು 2024ಕ್ಕೆ 3%ಗಿಂತ ಚೂರು ಕೆಳಗಿತ್ತು. ವಾಟ್ಸ್ಯಾಪ್ ಗ್ರೂಪಲ್ಲಿ ಮಾತ್ರ ನಾವು ಚೀನಾನ ಯಾವತ್ತೋ ಮುಗಿಸಿಬಿಟ್ಟಿದೀವಿ.

ಆದ್ರೆ ಈ ಪಾಲು ಅನ್ನೋದು ಸ್ವಲ್ಪ ಮೋಸದ ಲೆಕ್ಕ. ಜಪಾನ್ ನೋಡಿ. 2000ದಲ್ಲಿ ಅಮೆರಿಕಕ್ಕೆ ಹತ್ತತ್ರ 15 ಸಾವಿರ ಕೋಟಿ ಡಾಲರ್ ಸಾಮಾನು ಮಾರಿತ್ತು, ಪಾಲು 12%. 2024ರಲ್ಲೂ ಮಾರಿದ್ದು ಹೆಚ್ಚುಕಮ್ಮಿ ಅಷ್ಟೇ ಡಾಲರಿನ ಸಾಮಾನು, ಆದ್ರೆ ಪಾಲು 5%ಗಿಂತ ಕಮ್ಮಿ, ಯಾಕಂದ್ರೆ ಈ ಮಧ್ಯೆ ಅಮೆರಿಕದ ಒಟ್ಟು ಆಮದು 1.2 ಲಕ್ಷ ಕೋಟಿ ಡಾಲರ್‌ನಿಂದ 3.2 ಲಕ್ಷ ಕೋಟಿ ದಾಟಿಬಿಡ್ತು. ಪಂಕ್ತೀಲಿ ಜನ ಜಾಸ್ತಿ ಆದ್ರು, ಜಪಾನಿನ ಎಲೆಗೆ ಬೀಳೋದು ಅಷ್ಟೇ ಇದೆ.

ಇನ್ನೊಂದು ಮೋಸ ನನ್ನ ಟೇಬಲ್ಲೇ. ಕಸ್ಟಮ್ಸ್‌ನವರು ಒಂದು ಸಾಮಾನು ಕೊನೇಲಿ ಎಲ್ಲಿ ನಿಜವಾಗ್ಲೂ ಬೇರೆ ವಸ್ತುವಾಗಿ ರೂಪ ಪಡೀತು ಅಂತ ನೋಡಿ ಅದರ ಪೂರ್ತಿ ಬೆಲೆನ ಆ ಒಂದೇ ದೇಶದ ಹೆಸರಿಗೆ ಬರೀತಾರೆ, ಸ್ಕ್ರೂ, ಅಂಟು, ಡ್ರಾಯರ್ ಕೆಳಗಿನ ಕಬ್ಬಿಣದ ಪಟ್ಟಿ ಎಲ್ಲಿಂದ ಬಂತು ಅಂತ ಯಾರೂ ಬಿಡಿಸಿ ನೋಡಲ್ಲ. ವಿಯೆಟ್ನಾಂ ತಾನೇ ಅತಿ ಹೆಚ್ಚು ಆಮದು ಮಾಡ್ಕೊಳ್ಳೋದು ಚೀನಾದಿಂದ. ಫರ್ನಿಚರ್‌ನಲ್ಲಂತೂ ಇದು ಹಳೇ ಆಟ, 2005ರಲ್ಲೇ ಅಮೆರಿಕ ಚೀನಾದ ಮರದ ಬೆಡ್‌ರೂಮ್ ಫರ್ನಿಚರ್ ಮೇಲೆ ಆಂಟಿ ಡಂಪಿಂಗ್ ಸುಂಕ, ಅಂದ್ರೆ ತೀರಾ ಅಗ್ಗಕ್ಕೆ ತಂದು ಸುರಿಯೋದನ್ನ ತಡೆಯೋ ಸುಂಕ, ಹಾಕ್ತು, ಆಗಲೇ ಎಷ್ಟೋ ಕಾರ್ಖಾನೆಗಳು ಗಂಟುಮೂಟೆ ಕಟ್ಕೊಂಡು ವಿಯೆಟ್ನಾಂಗೆ ಹೋದ್ವು, 2019ರಲ್ಲಿ ಬಾಕಿ ಫರ್ನಿಚರ್ ಮೇಲೂ 25% ಬಿದ್ದಾಗ ಇನ್ನಷ್ಟು ಹೋದ್ವು.

ಭಾನುವಾರ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದ್ದೆ, ಅವಳು ಮದ್ದೂರು ಕಡೆ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ದಿನಾ ಬೆಳಗ್ಗೆ ಫ್ಯಾಕ್ಟ್ರಿ ಬಸ್ಸು ಹಿಡಿದು. ಇಲ್ಲಿಗೆ ಬರೋ ಗಂಡಸರ ಜಾಕೆಟ್ ಹೊಲೀತಾರಂತೆ. ನಾನು ಸ್ಕ್ರೂ ಕಥೆ ಹೇಳಿದ್ದಕ್ಕೆ ನಕ್ಕಳು. "ಅಯ್ಯೋ ನಮ್ದೂ ಅಂಗೇ ಕಣಕ್ಕ, ಜಿಪ್ಪು ಬಟನ್ನು ಎಲ್ಲಾ ಚೈನಾ ಡಬ್ಬದಲ್ಲೇ ಬರೋದು, ನಾವು ಹೊಲ್ದು ಇಂಡಿಯಾ ಅಂತ ಲೇಬಲ್ ಹಾಕ್ತೀವಿ." ಒಂದು ಲೈನಲ್ಲಿ ಲೇಬಲ್ ಹಾಕೋಕೇ ಒಬ್ಬಳು ಇರ್ತಾಳಂತೆ, ಗಂಟೆಗೆ ಇಷ್ಟು ಪೀಸು ಅಂತ ಸೂಪರ್‌ವೈಸರ್ ತಲೆ ಮೇಲೆ ನಿಂತಿರ್ತಾನಂತೆ. ಹೋದ ವರ್ಷ ಆಗಸ್ಟ್‌ನಲ್ಲಿ, ಅಂದ್ರೆ 2025ರಲ್ಲಿ, ಇಂಡಿಯಾ ಸಾಮಾನಿಗೆ 50% ಸುಂಕ ಬಿದ್ದಾಗ ಓಟಿ, ಅಂದ್ರೆ ಓವರ್‌ಟೈಮ್ ಕೆಲಸ, ನಿಂತೋಯ್ತಂತೆ. ಅಲ್ಲಿ ಪಾಲು, ಶೇಕಡಾ ಏನೂ ಇಲ್ಲ, ಓಟಿ ಐತಾ ಇಲ್ವಾ ಅಷ್ಟೇ.

ಹನ್ನೆರಡನೇ ಸ್ಕ್ರೂ ಹುಡುಕ್ಕೊಂಡು ಯಜಮಾನ್ರು ನಿನ್ನೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬಂದ್ರು. ಒಂದು ಬೇಕಿದ್ರೂ ಎಂಟರ ಪ್ಯಾಕೆಟ್ಟೇ ತಗೋಬೇಕಂತೆ. ತಿರುಗಿಸಿ ನೋಡಿದ್ರೆ ತೈವಾನ್.