ಖಾತ್ರಿಯೋ, ಚೀಟಿಯೋ

2019ರ ಜುಲೈ 14, ಭಾನುವಾರ. ಬೆಳಿಗ್ಗೆ ಆರೂವರೆಗೆಲ್ಲ ಭಾವನ ಕಾರು ನವಿ ಮುಂಬಯಿಯ ಖಾರ್‌ಘರ್ ಗಾಲ್ಫ್ ಮೈದಾನದ ಗೇಟಿನ ಮುಂದೆ ನಿಂತಿತ್ತು. ಪುಣೆಯಿಂದ ನಾಲ್ಕಕ್ಕೇ ಹೊರಟು, ಲೋಣಾವಳದ ಘಾಟಿಯ ಮಂಜಿನಲ್ಲಿ ಇಳಿದು ಬಂದಿದ್ದರು. ಜೊತೆಗೆ ಅಕ್ಕನೂ ಇದ್ದಳು. ಅವಳನ್ನು ಮೊದಲು ನೇರೂಲ್‌ನ ನಮ್ಮ ಮನೆಯಲ್ಲಿ ಇಳಿಸಿ, ಆಮೇಲೆ ಇಲ್ಲಿಗೆ. ಭಾವನ ಮುಖ ಮಾತ್ರ ಇನ್ನೂ ಬುಧವಾರದಲ್ಲೇ ಇತ್ತು. ಬುಧವಾರ ಧೋನಿ ರನೌಟ್ ಆಗಿ ನಾವು ವಿಶ್ವಕಪ್ ಸೆಮಿಫೈನಲ್ ಸೋತಿದ್ದೆವು.

"ಎಂತ ಮಾರಾಯ, ಎರಡೇ ಇಂಚು," ಅಂದರು ಕಾರಿನಿಂದ ಇಳಿಯುತ್ತಲೇ. ನಾನು ಏನೂ ಕೇಳಿರಲಿಲ್ಲ.

ಅವತ್ತು ನಾವು ಸೇರಿದ್ದು ಆಟಕ್ಕೆ ಮಾತ್ರ ಅಲ್ಲ. ಮರುವರ್ಷ ಭಾವನಿಗೆ ಎಪ್ಪತ್ತು ತುಂಬುತ್ತಿತ್ತು. ಅಷ್ಟರೊಳಗೆ ಒಂದು ಸಲವಾದರೂ ದೊಡ್ಡ ಜಾಗದಲ್ಲಿ ಗಾಲ್ಫ್ ಆಡಬೇಕು ಅನ್ನುವುದು ಅವರ ಹಟ. ಜಾಗ ಎರಡು ಇದ್ದವು. ಒಂದು ಅಮೆರಿಕದ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್. ಇನ್ನೊಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್. ದುಡ್ಡು ಮಾತ್ರ ಒಂದಕ್ಕೇ ಇತ್ತು. ಭಾವನಿಗೆ ಪೆಬಲ್ ಬೀಚ್ ಬೇಕು, ನನಗೆ ಸೇಂಟ್ ಆಂಡ್ರ್ಯೂಸ್. ಆರು ತಿಂಗಳಿಂದ ಫೋನಿನಲ್ಲಿ ಜಗಳ ನಡೆದಿತ್ತು. ಕೊನೆಗೆ ಅಕ್ಕ ಗಡುವು ಕೊಟ್ಟಳು. ಈ ಭಾನುವಾರ ರಾತ್ರಿಯೊಳಗೆ ಹೇಳಿ, ಇಲ್ಲದಿದ್ದರೆ ನಾನು ಕಾಶಿಗೆ ಟಿಕೆಟ್ ಮಾಡಿಸುತ್ತೇನೆ ಅಂತ.

ನನಗೆ ಗಾಲ್ಫ್ ಎಲ್ಲಿಂದ ಬಂತು ಅಂತ ನಮ್ಮ ಕಡೆಯವರೆಲ್ಲ ಕೇಳುತ್ತಾರೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು ನಾನು. ಇಪ್ಪತ್ತಾರು ವರ್ಷ ಆಫೀಸಿಗೆ ಹೋಗುವ ದಾರಿಯಲ್ಲಿ ಒಂದು ಹಳೇ ಕ್ಲಬ್ಬಿನ ಗೋಡೆ ಸಿಗುತ್ತಿತ್ತು. ಡಬಲ್ ಡೆಕರ್ ಬಸ್ಸಿನಲ್ಲಿ ಮೇಲಿನ ಸೀಟು ಸಿಕ್ಕಿದ ದಿನ ಹುಲ್ಲು ಕಾಣುತ್ತಿತ್ತು. ಕೆಳಗೆ ಕೂತ ದಿನ ಬರೀ ಗೋಡೆ. ಒಳಗೆ ಬಿಳೀ ಟೋಪಿ ಹಾಕಿಕೊಂಡು ಯಾರೋ ನಿಧಾನಕ್ಕೆ ನಡೆಯುತ್ತಿರುತ್ತಾರೆ. ಅವರಿಗೆ ಯಾವ ಗಾಡಿ ತಪ್ಪುವ ಭಯವೂ ಇಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿದ್ದದ್ದು ಆಟದ ಮೇಲಲ್ಲ, ಆ ನಡಿಗೆಯ ಮೇಲೆ.

ಆಮೇಲೆ ನವಿ ಮುಂಬಯಿ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊದವರು ಖಾರ್‌ಘರ್ ಗುಡ್ಡದ ಬುಡದಲ್ಲಿ ಈ ಮೈದಾನ ಮಾಡಿದರು. 2012ರಲ್ಲಿ ಶುರುವಾಯಿತು. ಸದಸ್ಯತ್ವ, ಶಿಫಾರಸು ಏನೂ ಬೇಡ. ಆ ದಿನದ ದುಡ್ಡು ಕಟ್ಟು, ಆಡು. ಐವತ್ತು ದಾಟಿದ ಮೇಲೆ, ಯಾರದೋ ಹಳೇ ಏಳನೇ ನಂಬರ್ ಐರನ್, ಅಂದರೆ ಲೋಹದ ತಲೆಯ ಕೋಲು, ಹಿಡಿದುಕೊಂಡು ಶುರು ಮಾಡಿದೆ. ಮೊದಲ ತಿಂಗಳು ಚೆಂಡಿಗಿಂತ ಜಾಸ್ತಿ ಮಣ್ಣು ಹಾರಿಸಿದೆ. ಭಾವ ಮೊದಲಿನಿಂದಲೂ ಆಡುವವರು. ಪುಣೆಯ ಅವರ ಕಂಪನಿಯಲ್ಲಿ ಅಂಥ ಅನುಕೂಲ ಇತ್ತು. ನಾನು ಕಲಿಯುತ್ತೇನೆ ಅಂದಾಗ ಅವರು ನಕ್ಕಿದ್ದು ನನಗಿನ್ನೂ ನೆನಪಿದೆ.

ಖಾರ್‌ಘರ್‌ನಲ್ಲಿ ಅವತ್ತು ಇದ್ದದ್ದು 11 ಹೋಲ್. ಚೆಂಡು ಹೊಡೆಯುತ್ತಾ ಹೋಗಿ ಕೊನೆಗೆ ಕುಳಿಗೆ ಹಾಕುವ ಒಂದೊಂದು ಪಟ್ಟಿಗೆ ಹೋಲ್ ಅನ್ನುತ್ತಾರೆ. ಪೂರ್ತಿ 18 ಆಡಬೇಕೆಂದರೆ ಹನ್ನೊಂದು ಮುಗಿಸಿ, ಮತ್ತೆ ಮೊದಲಿಂದ ಏಳು ಆಡಬೇಕು. ಅವತ್ತು ನಮ್ಮ ಒಪ್ಪಂದವೂ ಅದೇ. ಸೇಂಟ್ ಆಂಡ್ರ್ಯೂಸಿನಲ್ಲಿ ನಾವು ಆಡಬೇಕೆಂದಿದ್ದ ಓಲ್ಡ್ ಕೋರ್ಸ್ ಮೈದಾನದಲ್ಲಿ ಸಾಮಾನ್ಯವಾಗಿ ಗಾಲ್ಫ್ ಗಾಡಿ ಓಡಿಸಲು ಬಿಡುವುದಿಲ್ಲ. ನಡೆಯಬೇಕು. ಭಾವನಿಗೆ ಬಲ ಮೊಣಕಾಲು ನೋವು. ಪೆಬಲ್ ಬೀಚಿನಲ್ಲಾದರೆ ಗಾಡಿ ಉಂಟು. ಹಾಗಾಗಿ ಇಲ್ಲಿ ನಡೆದು ತೋರಿಸಲಿ, ಆಮೇಲೆ ಮಾತು. ಖಾರ್‌ಘರ್ ಏರು ತಗ್ಗಿನ ಜಾಗ. ಸೇಂಟ್ ಆಂಡ್ರ್ಯೂಸ್ ಹೆಚ್ಚುಕಡಿಮೆ ಸಮತಟ್ಟು. ಇಲ್ಲಿ ನಡೆದರೆ ಅಲ್ಲಿ ನಡೆದ ಹಾಗೆಯೇ.

ಮಳೆ ಜೋರಿರಲಿಲ್ಲ. ಸುಮ್ನೆ ಸೋನೆ. ಗುಡ್ಡಗಳು ಹಸಿರಾಗಿ ಮೋಡದೊಳಗೆ ಮುಕ್ಕಾಲು ಮುಳುಗಿದ್ದವು. ಚೆಂಡು ಬಿದ್ದಲ್ಲೇ ಕಚ್ಚಿಕೊಳ್ಳುತ್ತಿತ್ತು, ಒಂದಡಿಯೂ ಉರುಳುತ್ತಿರಲಿಲ್ಲ. ಕೋಲುಗಳ ಚೀಲ ಹೊರುವ ಕ್ಯಾಡಿ ಹುಡುಗ ಪ್ರತೀ ಹೊಡೆತಕ್ಕೂ ಚೆಂಡನ್ನು ಅಂಗಿಗೆ ಒರೆಸಿ ಕೊಡುತ್ತಿದ್ದ.

ಎರಡನೇ ಹೋಲಿನಲ್ಲೇ ಭಾವ ವಾದ ಶುರು ಮಾಡಿದರು. ಹಿಂದಿನ ತಿಂಗಳಷ್ಟೇ ಪೆಬಲ್ ಬೀಚಿನಲ್ಲಿ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿ ಆಗಿತ್ತು. ಗ್ಯಾರಿ ವುಡ್‌ಲ್ಯಾಂಡ್ ಗೆದ್ದಿದ್ದ. ಭಾವ ನಾಲ್ಕೂ ರಾತ್ರಿ ನಿದ್ದೆಗೆಟ್ಟು ಟಿವಿ ನೋಡಿದ್ದರು. ಆ ಸಮುದ್ರ ಅವರ ಕಣ್ಣಿನಿಂದ ಹೋಗಿರಲಿಲ್ಲ.

"ಒಂಬತ್ತು ಹೋಲು ಸಮುದ್ರದ ಅಂಚಿಗೇ ಉಂಟು. ಏಳನೆಯದು ನೂರು ಗಜ ಚಿಲ್ಲರೆ, ಅಷ್ಟೇ. ಆದರೆ ಗಾಳಿ ಎದ್ದರೆ ಆ ನೂರು ಗಜಕ್ಕೆ ದೊಡ್ಡ ದೊಡ್ಡವರೂ ದೂರಕ್ಕೆ ಹೊಡೆಯುವ ಉದ್ದದ ಐರನ್ ತೆಗೀತಾರೆ. 2000ದಲ್ಲಿ ಟೈಗರ್ ವುಡ್ಸ್ ಅಲ್ಲೇ ಹದಿನೈದು ಹೊಡೆತದ ಅಂತರದಿಂದ ಗೆದ್ದದ್ದು. ಗೊತ್ತುಂಟಲ್ಲ?"

ಗೊತ್ತಿತ್ತು. ಅವರೇ ಹತ್ತು ಸಲ ಹೇಳಿದ್ದರು. 1919ರಲ್ಲಿ ಶುರುವಾದ ಮೈದಾನ. ನೂರು ವರ್ಷ ಆಯಿತು, ಅದಕ್ಕೇ ಈಗಲೇ ಹೋಗಬೇಕು ಅಂತ ಇನ್ನೊಂದು ನೆಪ. ಎಲ್ಲಕ್ಕಿಂತ ದೊಡ್ಡ ಕಾರಣ, ಅವರ ಮಗಳು ಸ್ಯಾನ್ ಹೋಸೆಯಲ್ಲಿದ್ದಾಳೆ. ಅಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ಊಟ, ವಸತಿ ಎರಡೂ ಉಚಿತ.

"ಉಚಿತ ಎಲ್ಲಿ ಭಾವ?" ಅಂದೆ. ಪೆಬಲ್ ಬೀಚಿನ ಲೆಕ್ಕ ನಾನೂ ಹಾಕಿದ್ದೆ. ಅದು ರೆಸಾರ್ಟು. ಮುಂಗಡವಾಗಿ ಆಟದ ಸಮಯ ಬೇಕೆಂದರೆ ಅವರ ಹೋಟೆಲಿನಲ್ಲೇ ಇಳಿಯಬೇಕು. ಮಗಳ ಮನೆಯಿಂದ ಹೋದರೆ ಹಿಂದಿನ ದಿನ ಫೋನು ಮಾಡಿ, ಜಾಗ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಸುತ್ತಿಗೆ ಆಗಲೇ ಐನೂರು ಡಾಲರಿಗೂ ಮೇಲೆ. ಆ ವರ್ಷದ ದರದಲ್ಲಿ ಮೂವತ್ತೈದು ಸಾವಿರ ರೂಪಾಯಿ ದಾಟುತ್ತದೆ. ರೂಮಿನ ಬಾಡಿಗೆ ಬೇರೆ. ಅದನ್ನು ನೋಡಿದ ದಿನ ನಾನು ಕಂಪ್ಯೂಟರ್ ಮುಚ್ಚಿ ಒಂದು ಲೋಟ ಮಜ್ಜಿಗೆ ಕುಡಿದೆ.

"ಕೊಟ್ಟರಾಯಿತು. ಕೊಟ್ಟ ಮೇಲೆ ಖಾತ್ರಿ ಅಲ್ವಾ? ನಿನ್ನ ಸ್ಕಾಟ್ಲೆಂಡಿನಲ್ಲಿ ಎಂತ ಖಾತ್ರಿ?"

ಅಲ್ಲೇ ನನ್ನ ಬಾಯಿ ಕಟ್ಟುತ್ತಿದ್ದದ್ದು. ಓಲ್ಡ್ ಕೋರ್ಸಿಗೆ ಆಗ ಸುಮಾರು ಇನ್ನೂರು ಪೌಂಡ್, ಅರ್ಧಕ್ಕರ್ಧ ಅಗ್ಗ. ಆದರೆ ಮುಂಗಡ ಸಿಗುವುದು ಕಷ್ಟ. ನಮ್ಮಂಥವರಿಗೆ ಉಳಿಯುವುದು ಚೀಟಿ ಎತ್ತುವ ದಾರಿ. ಎರಡು ದಿನ ಮೊದಲು ಹೆಸರು ಕೊಡಬೇಕು. ಸಂಜೆ ಪಟ್ಟಿ ಬರುತ್ತದೆ. ಹೆಸರು ಇದ್ದರೆ ಆಡು, ಇಲ್ಲದಿದ್ದರೆ ನಾಳೆ ಮತ್ತೆ ಹಾಕು. ಗಂಡಸರಿಗೆ ಹ್ಯಾಂಡಿಕ್ಯಾಪ್, ಅಂದರೆ ಆಟದ ಮಟ್ಟ ಹೇಳುವ ಅಂಕ, 24ರ ಒಳಗೂ ಇರಬೇಕಿತ್ತು; ಅದು ಕಮ್ಮಿಯಿದ್ದಷ್ಟೂ ಆಟ ಒಳ್ಳೆಯದು. ನನ್ನದು 23. ಭಾವ ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ಹನ್ನೊಂದನೇ ಹೋಲು ಮುಗಿಯುವ ಹೊತ್ತಿಗೆ ಅವರ ನಗು ಕಡಿಮೆಯಾಗಿತ್ತು. ಏರಿನಲ್ಲಿ ಎರಡು ಸಲ ನಿಂತರು. ಛತ್ರಿಯನ್ನು ಊರುಗೋಲು ಮಾಡಿಕೊಂಡಿದ್ದರು. ಮಳೆಯೂ ಬಲವಾಯಿತು. ಇಬ್ಬರೂ ಕಲ್ಲು ಬೆಂಚಿನ ಮೇಲೆ, ಮರದಡಿ ಕೂತೆವು. ಇನ್ನೂ ಏಳು ಬಾಕಿ.

ಸುಮ್ಮನೆ ಕೂರಲಾಗದೆ ನಾನು ಒಂದು ವಿಷಯ ಹೇಳಿದೆ. ಓಲ್ಡ್ ಕೋರ್ಸಿನಲ್ಲೂ ಮೊದಲು ಇದ್ದದ್ದು ಹನ್ನೊಂದೇ. ಹನ್ನೊಂದು ಆಡುತ್ತಾ ಹೋಗುವುದು, ಅದೇ ಹನ್ನೊಂದು ಆಡುತ್ತಾ ವಾಪಸ್ ಬರುವುದು. ಒಟ್ಟು 22. 1764ರಲ್ಲಿ ಶುರುವಿನ ನಾಲ್ಕು ಗಿಡ್ಡ ಹೋಲುಗಳನ್ನು ಸೇರಿಸಿ ಎರಡು ಮಾಡಿದರು. ಹೋಗುವಾಗ ಒಂಬತ್ತು, ಬರುವಾಗ ಒಂಬತ್ತು. ಲೋಕಕ್ಕೆಲ್ಲ 18 ಬಂದದ್ದು ಅಲ್ಲಿಂದ.

ಭಾವ ಮೊಣಕಾಲು ತಿಕ್ಕುವುದನ್ನು ನಿಲ್ಲಿಸಿದರು. "ಅಂದರೆ ನಾವೀಗ ಪೂರ್ತಿ ಆಡಿದ ಹಾಗೆಯೇ?"

"ಅರ್ಧ."

"ನಿನ್ನ ತಲೆ," ಅಂದು ಎದ್ದರು. ಮಳೆ ಸ್ವಲ್ಪ ಬಿಟ್ಟಿತ್ತು. ಉಳಿದ ಏಳನ್ನೂ ಆಡಿದರು. ಕೊನೆಯ ಗ್ರೀನಿನಲ್ಲಿ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನಲ್ಲಿ, ನನಗಿಂತ ಒಂಬತ್ತು ಹೊಡೆತ ಕಡಿಮೆಯಲ್ಲಿ ಮುಗಿಸಿ ಮುಂದಿದ್ದರು. ಮೊಣಕಾಲು ಊದಿಕೊಂಡಿತ್ತು, ಅದು ಬೇರೆ ಮಾತು.

ಮನೆಯಲ್ಲಿ ನೀರ್ ದೋಸೆ, ಕೋಳಿ ಸಾರು. ಅಕ್ಕ ಭಾವನ ಕಾಲಿಗೆ ಬಿಸಿನೀರಿನ ಚೀಲ ಕಟ್ಟಿದಳು, ಬೈಗುಳದ ಸಮೇತ. ಊಟಕ್ಕೆ ಕೂತಾಗ ಚೀಟಿಯ ವಿಷಯ ಮತ್ತೆ ಬಂತು. ಆಗ ನನ್ನ ಹೆಂಡತಿ ದೋಸೆ ತೆಗೆಯುತ್ತಲೇ ಅಡುಗೆಮನೆಯಿಂದ ಹೇಳಿದಳು.

"ಇವರ ಚೀಟಿಯ ಭಾಗ್ಯ ನನಗೆ ಗೊತ್ತಿಲ್ವಾ ಅಣ್ಣ? ಮ್ಹಾಡಾ ಮನೆಗೆ ಐದು ಸಲ ಅರ್ಜಿ ಹಾಕಿದ್ದರು. ಐದು ಸಲವೂ ಪೇಪರಿನಲ್ಲಿ ಬೇರೆಯವರ ನಂಬರ್ ಓದಿ ಬಂದರು."

ಮುಂಬಯಿಯಲ್ಲಿ ಬಾಡಿಗೆಗೆ ಇದ್ದವರಿಗೆ ಮ್ಹಾಡಾ, ಅಂದರೆ ಸರ್ಕಾರದ ವಸತಿ ಮಂಡಳಿ, ನಡೆಸುವ ಮನೆ ಲಾಟರಿಯನ್ನು ವಿವರಿಸಬೇಕಾಗಿಲ್ಲ. ಅರ್ಜಿಯ ಜೊತೆ ಡಿಪಾಸಿಟ್, ಆಮೇಲೆ ಕಾಯುವುದು, ಆಮೇಲೆ ಆ ಪಟ್ಟಿ. ಆದರೂ ನಿಜ ಹೇಳುತ್ತೇನೆ, ನನಗೆ ಅದರ ಮೇಲೆ ಸಿಟ್ಟಿಲ್ಲ. ಆ ಡಬ್ಬಿಯಲ್ಲಿ ನನ್ನ ಹೆಸರೂ ಇತ್ತಲ್ಲ. ಆ ಗೋಡೆಯ ಆಚೆ ಯಾವ ಡಬ್ಬಿಯಲ್ಲೂ ನನ್ನ ಹೆಸರು ಇರಲಿಲ್ಲ. ಇದನ್ನು ಅವತ್ತು ಊಟದ ಮಧ್ಯೆ ಹೇಳಿದ್ದರೆ ಎಲ್ಲರೂ ನಗುತ್ತಿದ್ದರು. ಹೇಳಲಿಲ್ಲ.

ಬದಲಿಗೆ ಸೇಂಟ್ ಆಂಡ್ರ್ಯೂಸ್ ಊರಿನ ಕಥೆ ಹೇಳಿದೆ. ಆ ಮೈದಾನ ಕ್ಲಬ್ಬಿನದ್ದಲ್ಲ, ಊರಿನದ್ದು. ಸಮುದ್ರ ಮತ್ತು ಹೊಲದ ನಡುವಿನ ಮರಳು ನೆಲ. ಅಲ್ಲಿ ಗಾಲ್ಫ್ ಆಡುವುದು ಊರಿನವರ ಹಕ್ಕು ಅಂತ 1552ರಲ್ಲೇ ಅಲ್ಲಿನ ಆರ್ಚ್‌ಬಿಷಪ್ ಬರೆದುಕೊಟ್ಟಿದ್ದಾರೆ. ಈಗಲೂ ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ. ಒಟ್ಟು ಏಳು ಮೈದಾನ. ಓಲ್ಡ್ ಕೋರ್ಸಿನಲ್ಲಿ ಏಳು ಗ್ರೀನುಗಳು ಜೋಡಿ ಗ್ರೀನು. ಹೋಗುವವರೂ ಬರುವವರೂ ಒಂದೇ ಗ್ರೀನಿನಲ್ಲಿ ಆಡುತ್ತಾರೆ, ಬಾವುಟ ಮಾತ್ರ ಬೇರೆ.

"ನಮ್ಮ ಆಜಾದ್ ಮೈದಾನದ ಹಾಗೆ," ಅಂದರು ಭಾವ. ಸರಿಯಾಗಿಯೇ ಹೇಳಿದರು. ಅಲ್ಲಿ ಒಂದು ಮ್ಯಾಚಿನ ಫೈನ್‌ಲೆಗ್ ಇನ್ನೊಂದು ಮ್ಯಾಚಿನ ಕವರ್ಸಿನಲ್ಲಿ ನಿಂತಿರುತ್ತಾನೆ.

"ಅದೆಲ್ಲ ಇರಲಿ. ನೀವು ಆಡುವಾಗ ನಾವು ಎಂತ ಮಾಡುವುದು?" ಅಂತ ಅಕ್ಕ.

ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟ ಇಲ್ಲ, ಊರವರು ನಾಯಿ, ಮಕ್ಕಳು ಸಮೇತ ಸುಮ್ಮನೆ ನಡೆಯಲು ಬರುತ್ತಾರೆ ಅಂದೆ. ನನ್ನ ಹೆಂಡತಿ ಕೈಯಲ್ಲಿ ದೋಸೆ ಹಿಡಿದುಕೊಂಡೇ ಹೊರಗೆ ಬಂದಳು. "ಒಳಗೇ ನಡೀಬಹುದಾ? ಹುಲ್ಲಿನ ಮೇಲೆ? ಯಾರೂ ಏನೂ ಅನ್ನೋದಿಲ್ವಾ?"

ಭಾವ ಸೋಲಲಿಲ್ಲ. ಪೆಬಲ್ ಬೀಚಿನ ಹೋಟೆಲು, ಸಮುದ್ರದ ಪಕ್ಕದ ಹದಿನೇಳು ಮೈಲಿಯ ರಸ್ತೆ, ಸೀಲ್‌ಗಳು, ಮಗಳ ಕೈ ಅಡುಗೆ, ಎಲ್ಲ ತೂಕಕ್ಕೆ ಹಾಕಿದರು. ಮಗಳ ಹೆಸರು ಬಂದಾಗ ಅಕ್ಕನ ಮುಖ ಮೆತ್ತಗಾಯಿತು. ಇನ್ನು ಮುಗಿಯಿತು, ಅಮೆರಿಕವೇ ಗತಿ ಅಂತ ನಾನು ಕೈ ತೊಳೆದೆ.

ಮೂರರ ಹೊತ್ತಿಗೆ ಲಾರ್ಡ್ಸ್‌ನಲ್ಲಿ ಫೈನಲ್ ಶುರುವಾಯಿತು. ಭಾರತ ಇಲ್ಲದ ಮ್ಯಾಚು, ನೋಡುವುದಿಲ್ಲ ಅಂದ ಭಾವ ಮೊದಲ ಬಾಲಿನಿಂದ ಕೂತರು. ಅವತ್ತು ಏನಾಯಿತು ಅಂತ ಗೊತ್ತೇ ಇದೆ. ನ್ಯೂಜಿಲೆಂಡ್ 241, ಇಂಗ್ಲೆಂಡ್ 241. ಕೊನೇ ಓವರಿನಲ್ಲಿ ಫೀಲ್ಡರ್ ಎಸೆದ ಚೆಂಡು ಓಡುತ್ತಿದ್ದ ಸ್ಟೋಕ್ಸ್‌ನ ಬ್ಯಾಟಿಗೆ ಬಡಿದು ಬೌಂಡರಿಗೆ ಹೋಯಿತು. ಸೂಪರ್ ಓವರಿನಲ್ಲೂ ಎರಡೂ ಕಡೆ 15. ಕೊನೆಗೆ ಬೌಂಡರಿ ಲೆಕ್ಕ ಹಾಕಿ, 26ಕ್ಕೆ 17 ಅಂತ ಇಂಗ್ಲೆಂಡಿಗೆ ಕಪ್ ಕೊಟ್ಟರು. ಆಗ ಮಧ್ಯರಾತ್ರಿಯ ಹತ್ತಿರ.

ಭಾವ ಬಹಳ ಹೊತ್ತು ಟಿವಿಯನ್ನೇ ನೋಡಿದರು. ವಿಲಿಯಮ್ಸನ್ ನಗುತ್ತಿದ್ದ. ಅದು ಹೇಗೆ ನಗುತ್ತಿದ್ದನೋ.

"ಇಷ್ಟೆಲ್ಲ ಆಡಿ ಕೊನೆಗೆ ಬೌಂಡರಿ ಎಣಿಸುವುದಾ? ಇದಕ್ಕಿಂತ ನಿನ್ನ ಚೀಟಿಯೇ ವಾಸಿ ಮಾರಾಯ." ಬಿಸಿನೀರಿನ ಚೀಲ ಬಿಚ್ಚಿ ಪಕ್ಕಕ್ಕಿಟ್ಟರು. "ಆಯ್ತು, ಸ್ಕಾಟ್ಲೆಂಡಿಗೇ ಹಾಕು. ಹುಡುಗಿಯನ್ನು ಅಲ್ಲಿಗೇ ಬರಲಿಕ್ಕೆ ಹೇಳುವ."

ಕ್ರಿಕೆಟ್ಟಿನ ಸಿಟ್ಟಿಗೆ ಹೇಳಿದರೋ, ಬೆಳಿಗ್ಗೆ ನಡೆದ ಹದಿನೆಂಟರ ಹುಮ್ಮಸ್ಸಿಗೋ, ನಾನು ಕೆದಕಲಿಲ್ಲ. ಮರುದಿನ ಮನಸ್ಸು ಬದಲಾಗುವ ಮೊದಲೇ 2020ರ ಮೇ ತಿಂಗಳಿಗೆ ಟಿಕೆಟ್ ಮಾಡಿದೆ. 2020ರ ಮೇನಲ್ಲಿ ನಾವೆಲ್ಲ ಎಲ್ಲಿದ್ದೆವು ಅಂತ ಹೇಳಬೇಕಾಗಿಲ್ಲ.

ಹೋದದ್ದು 2023ರಲ್ಲಿ. ಭಾವನಿಗೆ ಎಪ್ಪತ್ಮೂರು, ಹೊಸ ಮೊಣಕಾಲು. ಲ್ಯೂಕರ್ಸ್ ಸ್ಟೇಷನ್ನಿನಲ್ಲಿ ರೈಲಿಳಿದು ಬಸ್ಸು ಹತ್ತಿದೆವು, ಯಾಕೆಂದರೆ ಸೇಂಟ್ ಆಂಡ್ರ್ಯೂಸಿಗೆ ರೈಲೇ ಇಲ್ಲ. ನಾಲ್ಕು ಸಲ ಚೀಟಿಗೆ ಹೆಸರು ಕೊಟ್ಟೆವು, ನಾಲ್ಕು ಸಲವೂ ಬರಲಿಲ್ಲ. ಹೆಂಡತಿ ಒಂದು ಮಾತೂ ಆಡಲಿಲ್ಲ, ನನ್ನನ್ನು ನೋಡಿದಳು ಅಷ್ಟೇ. ಪಕ್ಕದ ನ್ಯೂ ಕೋರ್ಸಿನಲ್ಲಿ ಆಡಿದೆವು. ಹೆಸರಿಗೆ ನ್ಯೂ, ಮಾಡಿದ್ದು 1895ರಲ್ಲಿ. ಆ ಗಾಳಿಯಲ್ಲಿ ನನ್ನ ಆಟ ಹೇಗಿತ್ತು ಅಂತ ಬರೆಯುವುದಿಲ್ಲ.

ಭಾನುವಾರ ನಾಲ್ವರೂ ಓಲ್ಡ್ ಕೋರ್ಸಿನಲ್ಲಿ ನಡೆದೆವು. ಯಾರೂ ಏನೂ ಅನ್ನಲಿಲ್ಲ. ಹದಿನೇಳನೆಯದರ ಪಕ್ಕದ ರಸ್ತೆ, ಹದಿನೆಂಟರ ಆ ಪುಟ್ಟ ಕಲ್ಲಿನ ಸೇತುವೆ, ಸ್ವಿಲ್ಕನ್. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಜಾಗ ಅದು. ನನ್ನ ಹೆಂಡತಿ ಅದರ ಮೇಲೆ ಕೂತು ಶೂ ಬಿಚ್ಚಿ ಒಳಗಿನ ಮರಳು ಕೊಡವಿದಳು. ಹಿಂದೆ ಕ್ಯೂ ನಿಂತಿತ್ತು. ಅವಳಿಗೆ ಯಾವ ಗಾಡಿ ತಪ್ಪುವ ಭಯವೂ ಇರಲಿಲ್ಲ.

ಭಾವ ಕಾಣಿಸಲಿಲ್ಲ. ಹುಡುಕಿದರೆ ಬೇಲಿ ಒರಗಿ ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದರು. ಮಂಗಳವಾರದ ಚೀಟಿ. ನಮ್ಮ ವಿಮಾನ ಸೋಮವಾರ.

"ಟಿಕೆಟ್ ಬದಲಾಯಿಸಲಿಕ್ಕೆ ಆಗುತ್ತದೆ, ನಾನು ನೋಡಿದ್ದೇನೆ," ಅಂದರು ತಲೆ ಎತ್ತದೆ. "ಅಕ್ಕನಿಗೆ ಹೇಳಬೇಡ."

ಸಂಜೆ ಪಟ್ಟಿ ಬಂತು. ನಮ್ಮ ಹೆಸರಿರಲಿಲ್ಲ. ಅಕ್ಕನಿಗೆ ಅಷ್ಟರಲ್ಲಿ ಹೇಗೋ ಗೊತ್ತಾಗಿತ್ತು. ಅವಳು ಕಿಟಕಿಯಾಚೆಯ ಸಮುದ್ರಕ್ಕೆ ತಿರುಗಿ ಎರಡೂ ಕೈ ಮುಗಿದಳು.